ಅಮೆರಿಕದ ಪೌರತ್ವ ಮತ್ತು ‘ಸನ್ನಡತೆ’ಯ ಹೊಸ ಅಳತೆ

ಅಮೆರಿಕದ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆ (ಯುಎಸ್‌ಸಿಐಎಸ್) 2025ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ಒಂದರ ಬೆನ್ನಿಗೆ ಒಂದರಂತೆ ಮೂರು ಬದಲಾವಣೆಗಳನ್ನು ಪ್ರಕಟಿಸಿತು. ಆಗಸ್ಟ್ 15ರ ಸುತ್ತೋಲೆ, ಪೌರತ್ವ ಕೋರುವವರ ಸನ್ನಡತೆಯನ್ನು ಅಧಿಕಾರಿಗಳು ಹೇಗೆ ಅಳೆಯಬೇಕೆಂಬುದನ್ನು ಬದಲಿಸಿತು. ಆಗಸ್ಟ್ 22ರ ಇನ್ನೊಂದು ಸುತ್ತೋಲೆ, ಅರ್ಜಿದಾರರ ನೆರೆಹೊರೆಯಲ್ಲಿಯೂ ಕೆಲಸದ ಸ್ಥಳದಲ್ಲಿಯೂ ವಿಚಾರಣೆ ನಡೆಸುವ ಹಳೆಯ ಅಧಿಕಾರವನ್ನು ಮತ್ತೆ ಬಳಕೆಗೆ ತಂದಿತು. ಸೆಪ್ಟೆಂಬರ್ 18ರಂದು ಪ್ರಕಟವಾದ ಮೂರನೆಯದು, ಅಕ್ಟೋಬರ್ 20ರಿಂದ ಅರ್ಜಿ ಸಲ್ಲಿಸುವವರಿಗೆ ಪೌರನೀತಿ (ದೇಶದ ಇತಿಹಾಸ ಮತ್ತು ಆಡಳಿತದ) ಪರೀಕ್ಷೆಯನ್ನು ಉದ್ದಗೊಳಿಸಿತು.

ಈ ಮೂರನೆಯದು ಪ್ರಕಟವಾದ ಮರುದಿನವೇ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಬಿತ್ತು. ಅಮೆರಿಕದಲ್ಲಿ ಹುಟ್ಟುವ ಮಕ್ಕಳ ಪೌರತ್ವದ ವ್ಯಾಜ್ಯ ಜನವರಿಯಿಂದಲೇ ನಡೆಯುತ್ತಿತ್ತು. ಕೆಲಸದ ವೀಸಾ, ಜನ್ಮದತ್ತ ಪೌರತ್ವ ಮತ್ತು ವಲಸಿಗರು ಅರ್ಜಿ ಹಾಕಿ ಪಡೆಯುವ ಸಹಜೀಕೃತ ಪೌರತ್ವ ಎಂಬ ಮೂರು ಬೇರೆ ಬೇರೆ ವಿಷಯಗಳು ಓದುಗರ ಮನಸ್ಸಿನಲ್ಲಿ ಒಂದೇ ಗಂಟಾದದ್ದು ಹೀಗೆ. ಟ್ರಾಫಿಕ್ ದಂಡ ಕಟ್ಟಿದವರಿಗೆ ಇನ್ನು ಪೌರತ್ವವಿಲ್ಲ, ಪಕ್ಕದ ಮನೆಯವರು ಚಾಡಿ ಹೇಳಿದರೆ ಅರ್ಜಿ ಬಿದ್ದುಹೋಗುತ್ತದೆ ಎಂಬಂಥ ಮಾತುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿವೆ. ಇವುಗಳಲ್ಲಿ ಸ್ವಲ್ಪ ನಿಜವಿದೆ, ಹೆಚ್ಚಿನದು ಊಹೆ. ಸುದ್ದಿಯಲ್ಲಿ ಮೆರೆದದ್ದು ಪರೀಕ್ಷೆಯಾದರೂ, ಅರ್ಜಿದಾರರ ಮೇಲೆ ಹೆಚ್ಚು ಭಾರ ಬೀಳುವುದು ಸನ್ನಡತೆಯ ಸುತ್ತೋಲೆಯಿಂದ.

ಕಾಯ್ದೆ ಹೇಳುವುದು

ಮೂಲ ಕಾನೂನು ಬದಲಾಗಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ ಪ್ರಕಾರ ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು, ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಪಡೆದು ಐದು ವರ್ಷ ಆಗಿರಬೇಕು, ಅಮೆರಿಕದ ಪೌರರನ್ನು ಮದುವೆಯಾಗಿ ಅವರೊಂದಿಗೇ ಬಾಳುತ್ತಿರುವವರಿಗೆ ಮೂರು ವರ್ಷ ಸಾಕು, ಇಂಗ್ಲಿಷ್ ಓದಲು, ಬರೆಯಲು, ಮಾತನಾಡಲು ಬರಬೇಕು, ದೇಶದ ಇತಿಹಾಸ ಮತ್ತು ಆಡಳಿತದ ಅರಿವಿರಬೇಕು, ಸಂವಿಧಾನದಲ್ಲಿ ನಿಷ್ಠೆಯಿರಬೇಕು, ಈ ಅವಧಿಯುದ್ದಕ್ಕೂ ಸನ್ನಡತೆಯಿಂದ ನಡೆದುಕೊಂಡಿರಬೇಕು. ಕೊನೆಗೆ ನಿಷ್ಠೆಯ ಪ್ರಮಾಣವಚನ. ಎನ್-400 ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಲು 710 ಡಾಲರ್, ಕಾಗದದಲ್ಲಿ ಸಲ್ಲಿಸಲು 760 ಡಾಲರ್ ಶುಲ್ಕವಿದೆ. ಕಡಿಮೆ ಆದಾಯದವರಿಗೆ ರಿಯಾಯಿತಿ ಉಂಟು.

ಭಾರತೀಯರ ಮಟ್ಟಿಗೆ ಈ ಐದು ವರ್ಷ ಎಂಬ ಮಾತು ತುಸು ಮೋಸದ್ದು. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳಲ್ಲಿ ಯಾವ ಒಂದು ದೇಶದವರಿಗೂ ಶೇ 7ಕ್ಕಿಂತ ಹೆಚ್ಚು ಸಲ್ಲಬಾರದೆಂಬ ಮಿತಿಯಿರುವುದರಿಂದ, ಬೆಂಗಳೂರಿನಿಂದ ಹೋದ ಎಂಜಿನಿಯರೊಬ್ಬರು ಗ್ರೀನ್ ಕಾರ್ಡ್‌ಗಾಗಿಯೇ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಐದು ವರ್ಷದ ಎಣಿಕೆ ಶುರುವಾಗುವುದೇ ಅದರ ನಂತರ. ಇಷ್ಟಾಗಿಯೂ 2023ರ ಹಣಕಾಸು ವರ್ಷದಲ್ಲಿ ಅಮೆರಿಕದ ಪೌರರಾದ ಸುಮಾರು 8.78 ಲಕ್ಷ ಜನರಲ್ಲಿ 59 ಸಾವಿರದಷ್ಟು ಮಂದಿ ಭಾರತೀಯರು; ಮೆಕ್ಸಿಕೊ ಬಿಟ್ಟರೆ ಅತಿ ಹೆಚ್ಚು ಹೊಸ ಪೌರರನ್ನು ಕೊಟ್ಟ ದೇಶ ನಮ್ಮದು. ಆದ್ದರಿಂದ ಈ ನಿಯಮಗಳ ಸಣ್ಣ ತಿರುವೂ ಕರ್ನಾಟಕದ ಸಾಕಷ್ಟು ಮನೆಗಳನ್ನು ಮುಟ್ಟುತ್ತದೆ.

ದಿನಗಳ ಲೆಕ್ಕ

ಐದು ವರ್ಷದ ಷರತ್ತಿನೊಳಗೆ ಎರಡು ಬೇರೆ ಲೆಕ್ಕಗಳಿವೆ, ಜನ ಎಡವುವುದು ಇವೆರಡನ್ನು ಒಂದೇ ಎಂದುಕೊಳ್ಳುವಲ್ಲಿ. ಮೊದಲನೆಯದು ದೇಶದಲ್ಲಿ ಇದ್ದ ಒಟ್ಟು ದಿನಗಳ ಲೆಕ್ಕ: ಐದು ವರ್ಷದಲ್ಲಿ ಕನಿಷ್ಠ ಅರ್ಧ, ಅಂದರೆ 30 ತಿಂಗಳು ಅಮೆರಿಕದ ನೆಲದಲ್ಲಿ ಇದ್ದಿರಬೇಕು. ಎರಡನೆಯದು ವಾಸದ ನಿರಂತರತೆ. ಒಂದೇ ಪ್ರಯಾಣದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ವಾಸ ಕಡಿದುಹೋಯಿತೆಂದು ಕಾನೂನು ಭಾವಿಸುತ್ತದೆ, ಹಾಗಾಗಿಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರದು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಹೊರಗಿದ್ದರೆ, ಮುಂಚಿತವಾಗಿ ವಿಶೇಷ ಅನುಮತಿ ಪಡೆದ ಕೆಲವರನ್ನು ಬಿಟ್ಟು, ನಿರಂತರತೆ ಕಡಿದಂತೆಯೇ.

ಉದಾಹರಣೆಗೆ, ಮಗಳು ಅಮೆರಿಕದ ಪೌರಳಾದ ಕಾರಣ 62ನೆಯ ವಯಸ್ಸಿನಲ್ಲಿ ಗ್ರೀನ್ ಕಾರ್ಡ್ ಪಡೆದ ದಾವಣಗೆರೆಯ ತಾಯಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಚಳಿ ತಡೆಯಲಾಗದೆ ಅವರು ಪ್ರತಿವರ್ಷ ನವೆಂಬರ್‌ನಲ್ಲಿ ಊರಿಗೆ ಬಂದು ಐದು ತಿಂಗಳು ಇದ್ದು ಹೋಗುತ್ತಾರೆ. ಒಂದು ವರ್ಷ ಮಂಡಿಯ ಶಸ್ತ್ರಚಿಕಿತ್ಸೆಯಿಂದಾಗಿ ಏಳೂವರೆ ತಿಂಗಳು ಉಳಿದರು. ಒಟ್ಟು ದಿನಗಳ ಲೆಕ್ಕದಲ್ಲಿ ಅವರು ತೇರ್ಗಡೆ, ತೊಡಕು ಬರುವುದು ಆ ಒಂದು ಪ್ರಯಾಣದಿಂದ. ವಾಸ ಕಡಿದಿಲ್ಲವೆಂಬುದಕ್ಕೆ ಅಧಿಕಾರಿ ನೋಡುವ ಪುರಾವೆಗಳು ಅಮೆರಿಕದಲ್ಲಿ ಬಿಡದ ಕೆಲಸ, ಅಲ್ಲಿ ಉಳಿದ ಕುಟುಂಬ, ಅಲ್ಲಿನ ಮನೆ. ದುಡಿಯುವ ವಯಸ್ಸಿನವರಿಗೆ ಇವು ಕೈಗೆಟಕುವ ಕಾಗದಗಳು; ಸಂಬಳವೂ ಇಲ್ಲದ, ಮನೆಯ ಕರಾರಿನಲ್ಲಿ ಹೆಸರೂ ಇಲ್ಲದ ಈ ತಾಯಿಯ ಬಳಿ ಉಳಿಯುವುದು ಮಗಳ ಕುಟುಂಬ ಅಲ್ಲಿದೆ ಎಂಬುದೊಂದೇ.

ಭಾಷೆಯ ವಿನಾಯಿತಿಯೂ ಇವರಿಗೆ ದಕ್ಕುವುದಿಲ್ಲ. 50 ವರ್ಷ ದಾಟಿ 20 ವರ್ಷ ಗ್ರೀನ್ ಕಾರ್ಡ್‌ನಲ್ಲಿದ್ದವರು, ಇಲ್ಲವೇ 55 ದಾಟಿ 15 ವರ್ಷ ಇದ್ದವರು ಇಂಗ್ಲಿಷ್ ಪರೀಕ್ಷೆ ಕೊಡಬೇಕಿಲ್ಲ. ಪೌರನೀತಿಯ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಕನ್ನಡದಲ್ಲಿಯೇ ಉತ್ತರಿಸಬಹುದು. ಆದರೆ ಈ ವಿನಾಯಿತಿ ವಯಸ್ಸಿನೊಂದಿಗೆ ಗ್ರೀನ್ ಕಾರ್ಡ್‌ನ ವರ್ಷಗಳನ್ನೂ ಕೇಳುತ್ತದೆ. 62ಕ್ಕೆ ಬಂದವರಿಗೆ ಅದು ಸಿಗುವುದು 77ಕ್ಕೆ. ವೈದ್ಯಕೀಯ ಕಾರಣದ ವಿನಾಯಿತಿ ಬೇರೆ ಇದೆ, ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಬರೀ ವಯಸ್ಸಾಗಿದೆ, ಮರೆವಿದೆ ಎಂದರೆ ನಡೆಯುವುದಿಲ್ಲ.

ವ್ಯಾಖ್ಯೆಯಿಲ್ಲದ ಪದ

ಈಗ ವಿವಾದದ ಕೇಂದ್ರಕ್ಕೆ ಬರಬಹುದು. ‘ಒಳ್ಳೆಯ ನಡತೆಯ ವ್ಯಕ್ತಿ’ ಎಂಬ ಷರತ್ತು ಅಮೆರಿಕದ ಮೊದಲ ಪೌರತ್ವ ಕಾಯ್ದೆಯಷ್ಟೇ ಹಳೆಯದು. 1790ರ ಆ ಕಾಯ್ದೆ ಕೇಳಿದ್ದು ಎರಡೇ ವರ್ಷದ ವಾಸವನ್ನು. 1795ರಲ್ಲಿ ಅದು ಐದಾಯಿತು, 1798ರಲ್ಲಿ ಹದಿನಾಲ್ಕಕ್ಕೆ ಹಾರಿತು, 1802ರಲ್ಲಿ ಮತ್ತೆ ಐದಕ್ಕೆ ಇಳಿಯಿತು. ವಲಸೆಯ ಬಗ್ಗೆ ದಿಗಿಲು ಹೆಚ್ಚಿದಾಗ ನಿಯಮ ಬಿಗಿಯಾಗಿ, ದಿಗಿಲು ತಗ್ಗಿದಾಗ ಸಡಿಲವಾಗುವುದು ಅಲ್ಲಿ ಇಂದಿನ ಮಾತಲ್ಲ. ಅದೇ ಕಾಯ್ದೆ ಪೌರತ್ವವನ್ನು ‘ಬಿಳಿಯ’ ಸ್ವತಂತ್ರ ವ್ಯಕ್ತಿಗಳಿಗೆ ಮೀಸಲಿಟ್ಟಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ಜನಾಂಗ ಶಾಸ್ತ್ರದ ವಾದವನ್ನು ಬದಿಗಿಟ್ಟು, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಭಾರತೀಯ ‘ಬಿಳಿಯ’ನಲ್ಲ ಎಂದು ತೀರ್ಪಿತ್ತಿತು. ಭಾರತೀಯರಿಗೆ ಈ ಬಾಗಿಲು ತೆರೆದದ್ದು 1946ರಲ್ಲಿ.

ಜನಾಂಗದ ಷರತ್ತು ಹೋಯಿತು, ಸನ್ನಡತೆಯ ಷರತ್ತು ಉಳಿಯಿತು. ಕೊಲೆಯಂಥ ಅಪರಾಧ ಮಾಡಿದವರು ಎಂದೆಂದಿಗೂ ಅನರ್ಹರು, ಇಂತಿಂಥ ಅಪರಾಧಗಳು ನಿಗದಿತ ಅವಧಿಯ ಅನರ್ಹತೆ ತರುತ್ತವೆ ಎಂದು ಕಾಯ್ದೆ ಪಟ್ಟಿ ಕೊಡುತ್ತದೆ. ಒಳ್ಳೆಯ ನಡತೆ ಎಂದರೇನು ಎಂದು ಮಾತ್ರ ಎಲ್ಲಿಯೂ ಹೇಳುವುದಿಲ್ಲ. ಈ ಮೌನ ಎಂಥ ಇಕ್ಕಟ್ಟಿಗೆ ಸಿಲುಕಿಸಬಲ್ಲದು ಎಂಬುದಕ್ಕೆ 1947ರ ರಿಪೂಯ್ ಪ್ರಕರಣ ಸಾಕ್ಷಿ. ಅಸಹಾಯ ಸ್ಥಿತಿಯಲ್ಲಿ ಹುಟ್ಟಿ ಹಾಸಿಗೆ ಹಿಡಿದಿದ್ದ 13 ವರ್ಷದ ಮಗನನ್ನು ಲೂಯಿ ರಿಪೂಯ್ ಎಂಬ ತಂದೆ 1939ರ ಅಕ್ಟೋಬರ್ 12ರಂದು ಕ್ಲೋರೋಫಾರ್ಮ್ ಕೊಟ್ಟು ಕೊಂದಿದ್ದ. ತೀರ್ಪುಗಾರರು ಅವನನ್ನು ತಪ್ಪಿತಸ್ಥನೆಂದರೂ ಅತ್ಯಂತ ಕರುಣೆ ತೋರಬೇಕೆಂದು ಕೇಳಿಕೊಂಡರು, ಅವನು ಸೆರೆವಾಸದಿಂದ ಪಾರಾದ. ಅವನು ಪೌರತ್ವಕ್ಕೆ ಅರ್ಜಿ ಹಾಕಿದ್ದು 1944ರ ಸೆಪ್ಟೆಂಬರ್ 22ರಂದು, ಅಂದರೆ ಐದು ವರ್ಷ ತುಂಬಲು 20 ದಿನ ಇರುವಾಗ. ನ್ಯಾಯಮೂರ್ತಿ ಲರ್ನೆಡ್ ಹ್ಯಾಂಡ್ ಅವರು, ಇಲ್ಲಿ ತಮ್ಮ ಸ್ವಂತ ನೀತಿ ಮುಖ್ಯವಲ್ಲ, ದೇಶದಲ್ಲಿ ಸದ್ಯ ಸಾಮಾನ್ಯವಾಗಿ ಒಪ್ಪಿತವಾಗಿರುವ ನೈತಿಕ ಭಾವನೆ ಏನೆಂಬುದೇ ಅಳತೆ ಎಂದರು. ಆ ಭಾವನೆಯನ್ನು ಖಚಿತವಾಗಿ ತಿಳಿಯುವ ದಾರಿ ತಮಗಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಅರ್ಜಿ ತಿರಸ್ಕೃತವಾಯಿತು, ಅವನು ಮತ್ತೆ ಅರ್ಜಿ ಹಾಕಬಹುದೆಂಬ ಮಾತೂ ತೀರ್ಪಿನಲ್ಲೇ ಬಂತು.

1923ರಲ್ಲಿ ಸಾಮಾನ್ಯ ಮನುಷ್ಯನ ತಿಳಿವಳಿಕೆ, 1947ರಲ್ಲಿ ಒಪ್ಪಿತ ನೈತಿಕ ಭಾವನೆ. ಪದಕ್ಕೆ ವ್ಯಾಖ್ಯೆ ಇಲ್ಲದ ಕಡೆ ಕಾಲದ ಮನಃಸ್ಥಿತಿಯೇ ತೀರ್ಪು ಕೊಡುತ್ತದೆ ಎಂಬುದು ಎರಡೂ ಪ್ರಕರಣಗಳಿಂದ ಹೊರಡುವ ಅರ್ಥ.

ಆಗಸ್ಟ್ 15ರ ನಂತರ

ಇತ್ತೀಚಿನ ದಶಕಗಳಲ್ಲಿ ಅಧಿಕಾರಿಗಳು ಈ ಇಕ್ಕಟ್ಟನ್ನು ಸರಳ ಉಪಾಯದಿಂದ ದಾಟುತ್ತಿದ್ದರು. ಅನರ್ಹತೆಯ ಪಟ್ಟಿಯಲ್ಲಿನ ಯಾವುದೂ ಅರ್ಜಿದಾರರಿಗೆ ಅನ್ವಯಿಸದಿದ್ದರೆ ನಡತೆ ಸರಿಯಿದೆ ಎಂದೇ ಹೆಚ್ಚಾಗಿ ಲೆಕ್ಕವಾಗುತ್ತಿತ್ತು. ನಮ್ಮ ಶಾಲೆಗಳ ವರ್ಗಾವಣೆ ಪತ್ರದಲ್ಲಿ ‘ನಡತೆ: ತೃಪ್ತಿಕರ’ ಎಂದು ಬರೆಯುವ ರೀತಿ ಇದಕ್ಕೆ ಹತ್ತಿರದ್ದು. ಗಲಾಟೆ ಮಾಡದವನೆಲ್ಲ ಅಲ್ಲಿ ತೃಪ್ತಿಕರವೇ.

ಹೊಸ ಸುತ್ತೋಲೆ ಅಷ್ಟು ಸಾಲದು ಎನ್ನುತ್ತದೆ. ತಪ್ಪು ಮಾಡಿಲ್ಲ ಎಂಬುದರ ಜೊತೆಗೆ ಒಳ್ಳೆಯದೇನು ಮಾಡಿದ್ದಾರೆ ಎಂಬುದನ್ನೂ ತೂಗಬೇಕೆಂದು ಅದು ಅಧಿಕಾರಿಗಳಿಗೆ ಸೂಚಿಸುತ್ತದೆ: ಸಮುದಾಯದ ಕೆಲಸ, ಕುಟುಂಬದ ಆರೈಕೆ, ವಿದ್ಯಾಭ್ಯಾಸ, ಸ್ಥಿರವಾದ ಉದ್ಯೋಗ, ಕಾನೂನುಬದ್ಧವಾಗಿ ವಾಸಿಸಿದ ಕಾಲ, ತೆರಿಗೆ ಪಾವತಿ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕುಡಿದು ವಾಹನ ಓಡಿಸಿದ ಪದೇಪದೇ ಪ್ರಕರಣ, ಮಾದಕವಸ್ತು ಅಪರಾಧ, ತಾನು ಪೌರನೆಂದು ಸುಳ್ಳು ಹೇಳಿದ್ದು, ಅಕ್ರಮವಾಗಿ ಮತದಾರರ ಪಟ್ಟಿಗೆ ಸೇರಿದ್ದು ಅಥವಾ ಮತ ಹಾಕಿದ್ದು ಇವೆ. ಟ್ರಾಫಿಕ್ ದಂಡದ ಪುಕಾರಿನ ಮೂಲ ಇದರ ಮುಂದಿನ ಸಾಲುಗಳಲ್ಲಿದೆ. ಕಾನೂನಿನ ಪ್ರಕಾರ ಅನರ್ಹತೆ ತರದಿದ್ದರೂ ಸಮಾಜದಲ್ಲಿ ಜವಾಬ್ದಾರಿಯ ನಡವಳಿಕೆ ಅನ್ನಿಸಿಕೊಳ್ಳದ ಕೃತ್ಯಗಳನ್ನೂ ಗಣಿಸಬಹುದು ಎನ್ನುವ ಸುತ್ತೋಲೆ, ಅಜಾಗರೂಕ ಅಥವಾ ರೂಢಿಯಾಗಿಬಿಟ್ಟ ಸಂಚಾರ ಉಲ್ಲಂಘನೆಯನ್ನು ಅದಕ್ಕೆ ಉದಾಹರಣೆಯಾಗಿ ಕೊಡುತ್ತದೆ. ಆದ್ದರಿಂದ ಒಂದು ಪಾರ್ಕಿಂಗ್ ಚೀಟಿಗೆ ಹೆದರಬೇಕಿಲ್ಲ. ಆದರೆ ಎಷ್ಟು ಚೀಟಿಗಳಾದರೆ ‘ರೂಢಿ’ ಎಂಬ ಪ್ರಶ್ನೆಗೆ ಉತ್ತರ ಅಧಿಕಾರಿಯ ವಿವೇಚನೆಯಲ್ಲಿದೆ.

ದಾವಣಗೆರೆಯ ಆ ತಾಯಿಗೆ ಇದರಿಂದ ಅನುಕೂಲವೂ ಇದೆ ಎಂದು ವಾದಿಸಬಹುದು, ಏಕೆಂದರೆ ಕುಟುಂಬದ ಆರೈಕೆ ಈಗ ಬರಹದಲ್ಲೇ ಸದ್ಗುಣವಾಗಿದೆ. ಆದರೆ ಮೊಮ್ಮಕ್ಕಳನ್ನು ನೋಡಿಕೊಂಡದ್ದಕ್ಕೆ ರಸೀದಿ ಯಾರೂ ಕೊಡುವುದಿಲ್ಲ.

ನೆರೆಮನೆಯ ಸಾಕ್ಷಿ

ಅರ್ಜಿದಾರರು ವಾಸಿಸುವ ಮತ್ತು ದುಡಿಯುವ ಜಾಗಗಳಲ್ಲಿ ಖುದ್ದು ವಿಚಾರಣೆ ನಡೆಸುವ ಅಧಿಕಾರ ಕಾಯ್ದೆಯಲ್ಲಿ ಮೊದಲಿನಿಂದಲೂ ಇದೆ. ಅದನ್ನು ಕೈಬಿಡುವ ಅವಕಾಶವೂ ಅದೇ ಕಾಯ್ದೆಯಲ್ಲಿದೆ. ಬೆರಳಚ್ಚು ಮತ್ತು ಅಪರಾಧ ದಾಖಲೆಗಳ ತಪಾಸಣೆಯೇ ಸಾಕೆಂದು 1991ರ ಹೊತ್ತಿಗೆ ಅದನ್ನು ಎಲ್ಲರಿಗೂ ಕೈಬಿಡಲಾಗಿತ್ತು. ಆಗಸ್ಟ್ 22ರ ಸುತ್ತೋಲೆ ಈ ಸಾರಾಸಗಟು ವಿನಾಯಿತಿಯನ್ನು ತೆಗೆದು, ಪ್ರತಿ ಅರ್ಜಿಯಲ್ಲೂ ವಿಚಾರಣೆ ಬೇಕೋ ಬೇಡವೋ ಎಂದು ಪ್ರತ್ಯೇಕವಾಗಿ ತೀರ್ಮಾನಿಸಲು ಹೇಳಿದೆ. ನೆರೆಯವರು, ಮಾಲೀಕರು, ಸಹೋದ್ಯೋಗಿಗಳಿಂದ ಪತ್ರಗಳನ್ನು ಮುಂಚೆಯೇ ಸಲ್ಲಿಸುವುದು ಒಳ್ಳೆಯದೆಂಬ ಸೂಚನೆಯೂ ಇದೆ. ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ ಕಂಡ ನಮಗೆ ಇದರಲ್ಲಿ ವಿಚಿತ್ರವೇನೂ ತೋರದು. ವ್ಯತ್ಯಾಸವಿರುವುದು ಪ್ರಶ್ನೆಯಲ್ಲಿ. ಇಲ್ಲಿ ಪೊಲೀಸರು ಮುಖ್ಯವಾಗಿ ಕೇಳುವುದು ವ್ಯಕ್ತಿ ಆ ವಿಳಾಸದಲ್ಲಿ ಇದ್ದಾರೆಯೇ, ಅವರ ಮೇಲೆ ಪ್ರಕರಣಗಳಿವೆಯೇ ಎಂದು. ಅಲ್ಲಿ ಕೇಳಬಹುದಾದದ್ದು ಅವರು ಎಂಥವರು ಎಂದು. ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಜನ ಪೌರರಾಗುವ ದೇಶದಲ್ಲಿ ಮನೆಮನೆಗೆ ಅಧಿಕಾರಿಗಳನ್ನು ಕಳಿಸುವುದು ಆಗದ ಮಾತು, ಹಾಗಾಗಿ ಹೆಚ್ಚಿನವರಿಗೆ ಇದು ಇನ್ನೊಂದಿಷ್ಟು ಪತ್ರಗಳನ್ನು ಒಟ್ಟುಮಾಡುವ ಕೆಲಸವಾಗಿಯೇ ಉಳಿಯುವ ಸಾಧ್ಯತೆ ಹೆಚ್ಚು.

ಹತ್ತರ ಬದಲು ಇಪ್ಪತ್ತು

ಹಳೆಯ ಪರೀಕ್ಷೆಯಲ್ಲಿ 100 ಪ್ರಶ್ನೆಗಳ ಪಟ್ಟಿಯಿಂದ ಅಧಿಕಾರಿ ಹತ್ತನ್ನು ಕೇಳುತ್ತಿದ್ದರು, ಆರಕ್ಕೆ ಸರಿಯುತ್ತರ ಕೊಟ್ಟರೆ ಸಾಕಿತ್ತು. ಹೊಸದರಲ್ಲಿ ಪಟ್ಟಿ 128ಕ್ಕೆ ಬೆಳೆದಿದೆ. 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. 12 ಸರಿಯಾದ ಅಥವಾ 9 ತಪ್ಪಾದ ಕೂಡಲೇ ಪರೀಕ್ಷೆ ನಿಲ್ಲುತ್ತದೆ. ಅನುತ್ತೀರ್ಣರಾದವರಿಗೆ ಮೊದಲಿನಂತೆಯೇ ಇನ್ನೊಂದು ಅವಕಾಶ ಇದೆ. 65 ದಾಟಿ 20 ವರ್ಷ ಗ್ರೀನ್ ಕಾರ್ಡ್‌ನಲ್ಲಿದ್ದವರಿಗೆ 20 ಪ್ರಶ್ನೆಗಳ ಚಿಕ್ಕ ಪಟ್ಟಿಯಿಂದ ಹತ್ತನ್ನು ಕೇಳುವ ಸೌಲಭ್ಯ ಮುಂದುವರಿದಿದೆ. 2025ರ ಅಕ್ಟೋಬರ್ 20ಕ್ಕೆ ಮೊದಲು ಅರ್ಜಿ ಸಲ್ಲಿಸಿದ್ದವರ ಸಂದರ್ಶನ ಎಂದೇ ನಡೆದರೂ ಅವರಿಗೆ ಹಳೆಯ ಪರೀಕ್ಷೆಯೇ.

ಉತ್ತೀರ್ಣತೆಯ ಮಟ್ಟ ಎರಡರಲ್ಲೂ ಶೇ 60 ಎಂಬುದನ್ನು ಬಹಳ ಸುದ್ದಿಗಳು ಬಿಟ್ಟಿವೆ. ಪ್ರಶ್ನೆ ಹೆಚ್ಚಾದಷ್ಟೂ ಅದೃಷ್ಟದ ಪಾಲು ಕುಗ್ಗುತ್ತದೆ. ಪಟ್ಟಿಯ ಅರ್ಧದಷ್ಟೇ ಗೊತ್ತಿರುವ ವ್ಯಕ್ತಿ ಹಳೆಯ ಕ್ರಮದಲ್ಲಿ ತೇರ್ಗಡೆಯಾಗುವ ಸಂಭವ ಸುಮಾರು ಶೇ 38, ಹೊಸದರಲ್ಲಿ ಶೇ 25; ಮುಕ್ಕಾಲು ಭಾಗ ಗೊತ್ತಿರುವವರಿಗೆ ಹಳೆಯದರಲ್ಲಿ ಶೇ 92, ಹೊಸದರಲ್ಲಿ ಶೇ 96. ಅಂದರೆ ಸಂಖ್ಯೆಯ ಬದಲಾವಣೆಯೊಂದರಿಂದ ಚೆನ್ನಾಗಿ ಓದಿದವರಿಗೆ ನಷ್ಟವಿಲ್ಲ, ತುಸು ಲಾಭವೇ. ಕಷ್ಟ ಹೆಚ್ಚಿರುವುದು ಪ್ರಶ್ನೆಗಳ ಬಗೆಯಲ್ಲಿ. 1900ರ ದಶಕಗಳಲ್ಲಿ ಅಮೆರಿಕ ಮಾಡಿದ ಒಂದು ಯುದ್ಧದ ಹೆಸರು ಹೇಳಿ ಎಂಬುದು ಹಳೆಯ ಪಟ್ಟಿಯ ಪ್ರಶ್ನೆ. ಕೊರಿಯಾ ಯುದ್ಧಕ್ಕೆ ಅಮೆರಿಕ ಏಕೆ ಇಳಿಯಿತು ಎಂಬುದು ಹೊಸ ಬಗೆಯದು. ಒಂದು ಪದದ ಉತ್ತರವಿದ್ದ ಕಡೆ ಈಗ ಒಂದು ವಾಕ್ಯ ಬೇಕು. ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವರಿಗೆ ಇದು ಇತಿಹಾಸದ ಹೆಸರಿನ ಇನ್ನೊಂದು ಭಾಷಾ ಪರೀಕ್ಷೆ. ಕೋಡ್ ಬರೆದು ಬದುಕುವ ಮಗನಿಗೆ ಒಂದು ವಾರಾಂತ್ಯದ ಓದು, ಅವನ ತಾಯಿಗೆ ಆರು ತಿಂಗಳ ತಪಸ್ಸು.

ಎರಡು ಪಕ್ಷ

ಬದಲಾವಣೆಯ ಪರ ಇರುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಉತ್ತರಗಳನ್ನು ಬಾಯಿಪಾಠ ಮಾಡಿ ಒಪ್ಪಿಸಬಹುದಾದ ಪರೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಕೊನೆಗೆ ತೇರ್ಗಡೆಯಾಗುತ್ತಿದ್ದರು. ಯುಎಸ್‌ಸಿಐಎಸ್ ನಿರ್ದೇಶಕ ಜೋಸೆಫ್ ಎಡ್ಲೊ ಅವರು ಪರೀಕ್ಷೆ ತೀರಾ ಸುಲಭವೆಂದು ಬಹಿರಂಗವಾಗಿಯೇ ಹೇಳಿದ್ದರು. ಪೌರತ್ವ ಬೇಡಿ ಪಡೆಯುವ ಗೌರವವೇ ಹೊರತು ಕಾಗದ ತುಂಬಿದ ಮಾತ್ರಕ್ಕೆ ಸಲ್ಲುವ ಹಕ್ಕಲ್ಲ, ಸನ್ನಡತೆಯನ್ನು ಸಾಬೀತುಪಡಿಸುವ ಹೊಣೆಯನ್ನು ಕಾಯ್ದೆ ಮೊದಲಿನಿಂದಲೂ ಅರ್ಜಿದಾರರ ಮೇಲೆಯೇ ಹೊರಿಸಿದೆ, ನಾವು ಅದನ್ನು ಅಕ್ಷರಶಃ ಪಾಲಿಸುತ್ತಿದ್ದೇವೆ ಎಂಬುದು ಅವರ ನಿಲುವು.

ವಿರೋಧಿಸುವವರು ಬೊಟ್ಟು ಮಾಡುವುದು ಅಳತೆಯ ಅನಿಶ್ಚಿತತೆಗೆ. ಒಂದೇ ಬಗೆಯ ಇಬ್ಬರು ಅರ್ಜಿದಾರರಿಗೆ ಡಲ್ಲಾಸ್ ಕಚೇರಿಯಲ್ಲಿ ಒಂದು, ನ್ಯೂಜೆರ್ಸಿಯ ಕಚೇರಿಯಲ್ಲಿ ಇನ್ನೊಂದು ತೀರ್ಮಾನ ಬರಬಹುದು. ನೆರೆಯವರ ಪೂರ್ವಗ್ರಹ ಕಡತದೊಳಗೆ ನುಸುಳಬಹುದು. ಎರಡು ಪಾಳಿ ದುಡಿಯುವ ಮನುಷ್ಯ ಸಮುದಾಯ ಸೇವೆಯ ಪ್ರಮಾಣಪತ್ರ ಎಲ್ಲಿಂದ ತರಬೇಕು ಎಂಬುದು ಅವರ ಆಕ್ಷೇಪ. ಪರೀಕ್ಷೆಯ ವಿಚಾರದಲ್ಲಿ ಸರ್ಕಾರದ ವಾದ ಗಟ್ಟಿಯಾಗಿದೆ, ಏಕೆಂದರೆ ಪ್ರಶ್ನೆ ಎಷ್ಟೇ ಕಠಿಣವಿದ್ದರೂ ಪಟ್ಟಿ ಎಲ್ಲರ ಕಣ್ಣ ಮುಂದಿದೆ, ಓದಿಕೊಳ್ಳಬಹುದು. ಸನ್ನಡತೆಯ ವಿಚಾರದಲ್ಲಿ ಆಕ್ಷೇಪದ ತೂಕ ಹೆಚ್ಚು, ಏಕೆಂದರೆ ಅಲ್ಲಿ ಓದಿಕೊಳ್ಳಲು ಪಟ್ಟಿಯಿಲ್ಲ.

ಪರಿಣಾಮಗಳು

ಮೊದಲ ಪರಿಣಾಮ, ಅರ್ಜಿಯ ಕಡತ ದಪ್ಪವಾಗುವುದು. ತೆರಿಗೆಯ ದಾಖಲೆ, ನೌಕರಿಯ ಪತ್ರ, ನೆರೆಯವರ ಪತ್ರಗಳು ಹೆಚ್ಚಿದಷ್ಟೂ ಒಂದೊಂದು ಕಡತಕ್ಕೆ ಅಧಿಕಾರಿ ಕೊಡಬೇಕಾದ ಸಮಯ ಹೆಚ್ಚುತ್ತದೆ, ಸಮಯ ಹೆಚ್ಚಿದಷ್ಟೂ ಸರದಿ ಬೆಳೆಯುತ್ತದೆ, ವಕೀಲರ ಖರ್ಚೂ ಬೆಳೆಯುತ್ತದೆ. ಎರಡನೆಯದು ಗಂಭೀರವಾದದ್ದು. ಪೌರತ್ವದ ಅರ್ಜಿ ಹಾಕಿದಾಗ ಅರ್ಜಿದಾರರ ಇಡೀ ವಲಸೆ ಇತಿಹಾಸವನ್ನು ಮತ್ತೆ ಬಿಚ್ಚಿ ನೋಡಲಾಗುತ್ತದೆ. ಗಡೀಪಾರಿಗೆ ಕಾರಣವಾಗಬಲ್ಲ ಸಂಗತಿ ಅಲ್ಲಿ ಕಂಡರೆ ಪೌರತ್ವ ಕೇಳಲು ಹೋದವರು ಗ್ರೀನ್ ಕಾರ್ಡನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ತಿಳಿಯದೆ ಮತದಾರರ ಪಟ್ಟಿಯ ಚೌಕಕ್ಕೆ ಗುರುತು ಹಾಕಿದವರು, 18ರಿಂದ 26ರ ನಡುವೆ ಗ್ರೀನ್ ಕಾರ್ಡ್‌ನಲ್ಲಿದ್ದೂ ಸೇನಾ ಕರೆಯ (ಅಗತ್ಯ ಬಿದ್ದರೆ ಸೇನೆಗೆ ಕರೆಸಿಕೊಳ್ಳಲು ಇಡುವ ಪಟ್ಟಿಯ) ನೋಂದಣಿ ಮಾಡಿಸದ ಗಂಡುಮಕ್ಕಳು, ತೆರಿಗೆ ಉಳಿಸಲು ತಾವು ಅಮೆರಿಕದ ನಿವಾಸಿಗಳಲ್ಲವೆಂದು ಬರೆದುಕೊಟ್ಟವರು ಅರ್ಜಿಗೆ ಮುನ್ನ ವಲಸೆ ವಕೀಲರನ್ನು ಕಾಣುವುದು ಲೇಸು.

ಮೂರನೆಯದು ವ್ಯಾಜ್ಯ. ತಿರಸ್ಕೃತರಾದವರು 30 ದಿನದೊಳಗೆ ಇಲಾಖೆಯಲ್ಲೇ ಮರುವಿಚಾರಣೆ ಕೇಳಬಹುದು. ಅಲ್ಲಿಯೂ ಸೋತರೆ ಜಿಲ್ಲಾ ಮಟ್ಟದ ಫೆಡರಲ್ ನ್ಯಾಯಾಲಯ ಇಲಾಖೆಯ ಅಭಿಪ್ರಾಯಕ್ಕೆ ಕಟ್ಟುಬೀಳದೆ ಪ್ರಕರಣವನ್ನು ಹೊಸದಾಗಿ ನೋಡುತ್ತದೆ. ಸನ್ನಡತೆಯ ಅರ್ಥ ಮತ್ತೆ ನ್ಯಾಯಮೂರ್ತಿಗಳ ಮೇಜಿಗೆ ಬರುವುದು ಈ ದಾರಿಯಿಂದ. ಇನ್ನೊಂದು ಸಾಧ್ಯತೆಯೆಂದರೆ ಲೋಲಕದ ಆಟ. 128 ಪ್ರಶ್ನೆಗಳ ಪರೀಕ್ಷೆಯನ್ನು ಟ್ರಂಪ್ ಅವರ ಮೊದಲ ಆಡಳಿತ 2020ರ ಡಿಸೆಂಬರ್‌ನಲ್ಲೇ ತಂದಿತ್ತು. ಬೈಡನ್ ಆಡಳಿತ 2021ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಿತು. ಸುತ್ತೋಲೆಯಿಂದ ಬಂದದ್ದು ಸುತ್ತೋಲೆಯಿಂದಲೇ ಹೋಗಬಹುದು.

ಮಕ್ಕಳ ಬಗ್ಗೆ ಮಾತ್ರ ಆತಂಕ ಕಡಿಮೆ. ತಂದೆ ಅಥವಾ ತಾಯಿ ಪೌರರಾದಾಗ ಅವರೊಂದಿಗೆ ಅಮೆರಿಕದಲ್ಲಿ ವಾಸಿಸುವ, ಗ್ರೀನ್ ಕಾರ್ಡ್ ಇರುವ 18ರೊಳಗಿನ ಮಕ್ಕಳು ತಾವಾಗಿಯೇ ಪೌರರಾಗುತ್ತಾರೆ. ಅವರಿಗೆ ಪರೀಕ್ಷೆಯಿಲ್ಲ.

ಭಾರತದ ಬದಿ

ಇಷ್ಟೆಲ್ಲ ದಾಟಿ ಪ್ರಮಾಣವಚನ ತೆಗೆದುಕೊಂಡಾಗ ಭಾರತದ ಕಡೆ ಇನ್ನೊಂದು ಕಾನೂನು ಕೆಲಸ ಮಾಡುತ್ತದೆ. ಸಂವಿಧಾನದ 9ನೆಯ ವಿಧಿಯ ತತ್ವವನ್ನೇ ಮುಂದುವರಿಸಿದ 1955ರ ಪೌರತ್ವ ಕಾಯ್ದೆಯಂತೆ, ಸ್ವಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದ ಕ್ಷಣವೇ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಪಾಸ್‌ಪೋರ್ಟ್ ಒಪ್ಪಿಸುವುದು ಆಮೇಲಿನ ವಿಧಿ. ಹೀಗೆ ಎಲ್ಲ ದೇಶಗಳನ್ನೂ ಸೇರಿಸಿ 2022ರಲ್ಲಿ 2,25,620, 2023ರಲ್ಲಿ 2,16,219, 2024ರಲ್ಲಿ 2,06,378 ಮಂದಿ ಭಾರತದ ಪೌರತ್ವ ಬಿಟ್ಟರು. ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಸಿಕ್ಕರೆ ಜೀವನವಿಡೀ ಬಂದುಹೋಗಬಹುದು, ಆದರೆ ಮತದಾನವಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಒಸಿಐ ಕೈಸೇರುವವರೆಗೆ ಊರಿಗೆ ಬರಲು ವೀಸಾ ಬೇಕು.

ಅಂದಹಾಗೆ, ಭಾರತವೂ ತನ್ನ ಪೌರತ್ವ ಕೋರುವ ವಿದೇಶಿಯರಿಂದ ಒಳ್ಳೆಯ ನಡತೆಯನ್ನು ಕೇಳುತ್ತದೆ, ಅದರ ವ್ಯಾಖ್ಯೆ ಇಲ್ಲಿಯೂ ಇಲ್ಲ. ಸಾಮಾನ್ಯ ಅರ್ಜಿದಾರರು ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ನಿರಂತರವಾಗಿ, ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ವರ್ಷ ಇಲ್ಲಿ ಇದ್ದಿರಬೇಕು. ಭಾಷೆಯ ಷರತ್ತಿಗೆ ಎಂಟನೆಯ ಅನುಸೂಚಿಯ ಯಾವುದಾದರೂ ಒಂದು ಭಾಷೆ ಸಾಕು, ಆ ಪಟ್ಟಿಯಲ್ಲಿ ಕನ್ನಡವೂ ಇದೆ.

ಅಮೆರಿಕದಲ್ಲಿ ಅರ್ಜಿ ತಿರಸ್ಕೃತವಾದರೆ ಅಷ್ಟರಿಂದಲೇ ಗ್ರೀನ್ ಕಾರ್ಡ್ ಹೋಗುವುದಿಲ್ಲ, ಭಾರತೀಯ ಪಾಸ್‌ಪೋರ್ಟೂ ಹಾಗೆಯೇ ಉಳಿಯುತ್ತದೆ. ಮತ್ತೆ ಅರ್ಜಿ ಹಾಕಬಹುದು. ಆದರೆ ಆಗ ಕಟ್ಟಬೇಕಾದದ್ದು ಹೊಸ ಶುಲ್ಕ, ಎದುರಿಸಬೇಕಾದದ್ದು ಆ ದಿನಕ್ಕೆ ಜಾರಿಯಲ್ಲಿರುವ ಪರೀಕ್ಷೆ. ಹಳೆಯ ಅರ್ಜಿಯ ದಿನಾಂಕ ತೋರಿಸಿ ಹತ್ತು ಪ್ರಶ್ನೆಗಳ ಪರೀಕ್ಷೆ ಕೊಡಿ ಎಂದು ಕೇಳುವ ಅವಕಾಶ ಇರುವುದಿಲ್ಲ.